ಹಣೆಪಟ್ಟಿಯೂ ಪಾತ್ರವೂ: ಅಮೆರಿಕದ ಜನಾಂಗ ಕಾಲಂ ಮತ್ತು ಹಾಲಿವುಡ್ ಪಾತ್ರ ಹಂಚಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಓದುವ, ದುಡಿಯುವ ಕನ್ನಡಿಗರು, ಅಲ್ಲಿನ ಸಿನಿಮಾ ನೋಡಿ ಗೊಂದಲಕ್ಕೆ ಬಿದ್ದವರು, ಆ ಸುದ್ದಿಯನ್ನು ಕನ್ನಡಕ್ಕೆ ತರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ.

## ಫಾರಂ ಮುಂದೆ ಕೂತಾಗ

ಫಾರಂನಲ್ಲಿ 'ಅಮೆರಿಕನ್ ಇಂಡಿಯನ್' ಅಂತ ಇದೆ. ನಾನು ಅಮೆರಿಕದಲ್ಲಿರೋ ಇಂಡಿಯನ್. ಟಿಕ್ ಮಾಡಲಾ?

ಬೇಡ. ಅದು ಅಲ್ಲಿನ ಮೂಲನಿವಾಸಿಗಳ ಕಾಲಂ. ಭಾರತಕ್ಕೆ ದಾರಿ ಹುಡುಕುತ್ತಾ ಹೊರಟ ಕೊಲಂಬಸ್ ಕೆರಿಬಿಯನ್ ದ್ವೀಪಕ್ಕೆ ತಲುಪಿ, ಅಲ್ಲಿದ್ದವರನ್ನು ಇಂಡಿಯನ್ನರು ಎಂದು ಕರೆದ. ತಪ್ಪು ಹೆಸರು ಐನೂರು ವರ್ಷವಾದರೂ ಕಾನೂನಿನಲ್ಲಿ ಉಳಿದಿದೆ. ನೀವು ಹುಡುಕಬೇಕಾದದ್ದು 'ಏಷ್ಯನ್'. ಜನಗಣತಿಯ ಫಾರಂನಲ್ಲಾದರೆ ಇನ್ನೂ ನಿಖರವಾಗಿ 'ಏಷ್ಯನ್ ಇಂಡಿಯನ್' ಎಂಬ ಪ್ರತ್ಯೇಕ ಚೌಕವೇ ಇದೆ. ಕಂಪನಿಗಳ ಉದ್ಯೋಗ ಅರ್ಜಿಯಲ್ಲಿ ಸಾಮಾನ್ಯವಾಗಿ ಒಳವಿಭಾಗ ಇರುವುದಿಲ್ಲ, ಬರೀ 'ಏಷ್ಯನ್' ಇರುತ್ತದೆ.

ಆತುರದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಹೊಸ ವಿದ್ಯಾರ್ಥಿಗಳು ಇಲ್ಲಿ ಎಡವುವುದು ಸಾಮಾನ್ಯ. ಪಟ್ಟಿ ಇಂಗ್ಲಿಷ್ ಅಕ್ಷರಕ್ರಮದಲ್ಲಿದ್ದರೆ 'ಅಮೆರಿಕನ್ ಇಂಡಿಯನ್' ಎಲ್ಲಕ್ಕಿಂತ ಮೇಲೆ ಕಾಣುತ್ತದೆ, ಕೈ ಅಲ್ಲಿಗೇ ಹೋಗುತ್ತದೆ. ತಪ್ಪಾಗಿದ್ದರೆ ಕಾಲೇಜಿನ ದಾಖಲಾತಿ ಕಚೇರಿಗೋ ಕಂಪನಿಯ ಎಚ್‌ಆರ್‌ಗೋ ಒಂದು ಸಾಲು ಬರೆದು ಸರಿಪಡಿಸಿಕೊಳ್ಳಿ.

ಟಿಕ್ ಮಾಡಿದ್ದನ್ನು ಯಾರಾದರೂ ಪರಿಶೀಲಿಸ್ತಾರಾ? ನಮ್ಮ ಜಾತಿ ಪ್ರಮಾಣಪತ್ರದ ಥರ ಏನಾದ್ರೂ ಬೇಕಾ?

ತಹಶೀಲ್ದಾರರ ಸಹಿಗೆ ಸಮಾನವಾದದ್ದು ಅಲ್ಲಿಲ್ಲ. ನೀವು ಏನೆಂದು ಹೇಳಿಕೊಳ್ಳುತ್ತೀರೋ ಅದೇ ದಾಖಲೆ. ಉದ್ಯೋಗ ಅರ್ಜಿಯಲ್ಲಿ 'ಹೇಳಲು ಇಷ್ಟವಿಲ್ಲ' ಎಂದೂ ಬಿಡಬಹುದು. ಆದರೆ 100 ಅಥವಾ ಅದಕ್ಕೂ ಹೆಚ್ಚು ಸಿಬ್ಬಂದಿ ಇರುವ ಖಾಸಗಿ ಕಂಪನಿ ವರ್ಷಕ್ಕೊಮ್ಮೆ ಸರ್ಕಾರಕ್ಕೆ ಸಿಬ್ಬಂದಿಯ ಜನಾಂಗವಾರು ಲೆಕ್ಕ ಕೊಡುವ ಇಇಒ-1 ಎಂಬ ವರದಿ ಸಲ್ಲಿಸಬೇಕು. ಕೆಲಸಕ್ಕೆ ಸೇರಿದ ಮೇಲೂ ನೀವು ಹೇಳದಿದ್ದರೆ ಕಂಪನಿ ತನ್ನ ದಾಖಲೆ ನೋಡಿಯೋ ನಿಮ್ಮ ಮುಖ ನೋಡಿಯೋ ಕಾಲಂ ತುಂಬಬಹುದು. ಖಾಲಿ ಬಿಟ್ಟರೆ ಖಾಲಿಯೇ ಉಳಿಯುತ್ತದೆ ಎಂದುಕೊಳ್ಳಬೇಡಿ.

ಮೂಲನಿವಾಸಿಗಳ ಮಾತು ಬೇರೆ. ಬುಡಕಟ್ಟು ಸರ್ಕಾರಗಳಿಗೆ ತಮ್ಮದೇ ಸದಸ್ಯರ ಪಟ್ಟಿ ಇದೆ. ಕೆಲವು 'ರಕ್ತದ ಪಾಲು' ಲೆಕ್ಕ ಹಾಕುತ್ತವೆ, ಕೆಲವಕ್ಕೆ ಹಳೆಯ ಪಟ್ಟಿಯಲ್ಲಿ ಪೂರ್ವಜರ ಹೆಸರಿದ್ದರೆ ಸಾಕು. ಅಲ್ಲಿ ಮಾತ್ರ ಕಾಗದ ಬೇಕು.

ರೇಸ್ ಬೇರೆ, ಎಥ್ನಿಸಿಟಿ ಬೇರೆ ಅಂತಾರಲ್ಲ, ಏನು ವ್ಯತ್ಯಾಸ?

ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ತರಗತಿಯಲ್ಲಿ ಇದಕ್ಕೆ ಉದ್ದದ ಉತ್ತರವಿದೆ. ಫಾರಂನಲ್ಲಿ ಮಾತ್ರ ಬಹುಕಾಲ ಎಥ್ನಿಸಿಟಿ ಎಂದರೆ ಒಂದೇ ಪ್ರಶ್ನೆ: ನೀವು ಹಿಸ್ಪಾನಿಕ್ ಹೌದೋ ಅಲ್ಲವೋ? 1977ರಲ್ಲಿ ಅಮೆರಿಕ ಸರ್ಕಾರದ ಬಜೆಟ್ ಕಚೇರಿ, ಜನಾಂಗದ ಲೆಕ್ಕ ಹೇಗಿಡಬೇಕು ಎಂದು ಹೊರಡಿಸಿದ 15ನೇ ನಿರ್ದೇಶನ ಹೀಗೆ ಎರಡು ಪ್ರಶ್ನೆಯ ಪದ್ಧತಿಗೆ ದಾರಿ ಮಾಡಿತು. 1997ರಲ್ಲಿ ತಿದ್ದುಪಡಿಯಾಯಿತು. 2024ರ ಮಾರ್ಚ್‌ನಲ್ಲಿ ಎರಡನ್ನೂ ಒಂದೇ ಪ್ರಶ್ನೆಯಾಗಿ ಬೆಸೆದು ಏಳು ಗುಂಪು ಮಾಡಿದರು: ಅಮೆರಿಕನ್ ಇಂಡಿಯನ್ ಅಥವಾ ಅಲಾಸ್ಕಾ ಮೂಲದವರು, ಏಷ್ಯನ್, ಬ್ಲ್ಯಾಕ್, ಹಿಸ್ಪಾನಿಕ್, ಮಧ್ಯಪ್ರಾಚ್ಯ–ಉತ್ತರ ಆಫ್ರಿಕಾ, ಹವಾಯಿ–ಪೆಸಿಫಿಕ್ ದ್ವೀಪದವರು, ಬಿಳಿಯರು. ಎಷ್ಟು ಅನ್ವಯಿಸುತ್ತದೋ ಅಷ್ಟಕ್ಕೂ ಟಿಕ್ ಮಾಡಬಹುದು. ಹಳೆಯ ಫಾರಂಗಳು ಒಂದೇ ದಿನಕ್ಕೆ ಮಾಯವಾಗುವುದಿಲ್ಲ, ಇನ್ನೂ ಕೆಲವು ವರ್ಷ ಎರಡೂ ಮಾದರಿ ಎದುರಾಗುತ್ತವೆ.

ಬೆಸೆದದ್ದಕ್ಕೆ ಕಾರಣವಿದೆ. ಲ್ಯಾಟಿನ್ ಅಮೆರಿಕ ಮೂಲದ ಲಕ್ಷಾಂತರ ಜನರಿಗೆ 'ಬಿಳಿ, ಬ್ಲ್ಯಾಕ್, ಏಷ್ಯನ್' ಯಾವುದೂ ತಮ್ಮದೆನಿಸದೆ 'ಬೇರೆ ಯಾವುದೋ' ಎಂದು ಬರೆದರು. 2020ರ ಗಣತಿಯಲ್ಲಿ ಆ 'ಬೇರೆ ಯಾವುದೋ' ಗುಂಪು, ಬೇರೆ ಗುಂಪಿನ ಜೊತೆ ಸೇರಿಸಿ ಹೇಳಿದವರನ್ನೂ ಎಣಿಸಿದರೆ, ಬಿಳಿಯರ ನಂತರದ ಅತಿ ದೊಡ್ಡ ಗುಂಪಾಗಿಬಿಟ್ಟಿತು.

ಹಿಸ್ಪಾನಿಕ್, ಲ್ಯಾಟಿನೋ ಎರಡೂ ಒಂದೇನಾ? ಹಾಗಾದ್ರೆ ಮಂಗಳೂರಿನ ಡಿಸೋಜಾ ಏನು?

ಹಿಸ್ಪಾನಿಕ್ ಎಂದರೆ ಸ್ಪ್ಯಾನಿಷ್ ಭಾಷೆಯ ನಂಟು, ಲ್ಯಾಟಿನೋ ಎಂದರೆ ಲ್ಯಾಟಿನ್ ಅಮೆರಿಕದ ನಂಟು. ಬ್ರೆಜಿಲ್‌ನವರು ಲ್ಯಾಟಿನೋ, ಆದರೆ ಮಾತು ಪೋರ್ಚುಗೀಸ್. ಸ್ಪೇನ್‌ನವರು ಹಿಸ್ಪಾನಿಕ್, ಲ್ಯಾಟಿನೋ ಅಲ್ಲ. ದಿನಬಳಕೆಯಲ್ಲಿ ಎರಡನ್ನೂ ಕಲಸಿ ಆಡುತ್ತಾರೆ. 'ಲ್ಯಾಟಿನೆಕ್ಸ್' ಎಂಬ, ಗಂಡು ಹೆಣ್ಣು ಭೇದವಿಲ್ಲದ ಮೂರನೆಯದು ಪತ್ರಿಕೆ, ಕ್ಯಾಂಪಸ್‌ಗಳಲ್ಲಿ ಕಂಡಷ್ಟು ಜನರ ಬಾಯಲ್ಲಿಲ್ಲ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2020ರ ವರದಿಯ ಪ್ರಕಾರ ಹಿಸ್ಪಾನಿಕ್ ವಯಸ್ಕರಲ್ಲಿ ತಮ್ಮನ್ನು ಹಾಗೆ ಕರೆದುಕೊಳ್ಳುವವರು ಶೇ 3ರಷ್ಟು ಮಂದಿ.

ಡಿಸೋಜಾ, ಪಿಂಟೊ, ಫರ್ನಾಂಡಿಸ್, ಲೋಬೊ ಎಲ್ಲ ಪೋರ್ಚುಗೀಸ್ ಕುಲನಾಮಗಳು. ಹೆಸರು ನೋಡಿ ಎದುರಿನವರು ಸ್ಪ್ಯಾನಿಷ್‌ನಲ್ಲಿ ಮಾತಿಗೆ ತೊಡಗುವುದುಂಟು. ಫಾರಂ ಮಟ್ಟಿಗೆ ಮಂಗಳೂರು, ಗೋವೆಯ ಕ್ರೈಸ್ತರು ಏಷ್ಯನ್ನರೇ. ಕುಲನಾಮದ ಆಧಾರದಲ್ಲಿ ಹಿಸ್ಪಾನಿಕ್ ಟಿಕ್ ಮಾಡುವುದು ತಪ್ಪು.

'ನೀಗ್ರೋ' ಅಂತ ನಮ್ಮ ಹಳೇ ಪುಸ್ತಕಗಳಲ್ಲಿತ್ತು. ಈಗ ಕನ್ನಡದಲ್ಲಿ ಏನು ಬರೆಯಬೇಕು?

'ನೀಗ್ರೋ' ಒಂದು ಕಾಲದಲ್ಲಿ ಗೌರವದ ಪದವೇ ಆಗಿತ್ತು. 1960ರ ದಶಕದ ಕೊನೆಗೆ 'ಬ್ಲ್ಯಾಕ್' ಹೆಮ್ಮೆಯ ಹೆಸರಾಯಿತು. 1988ರಲ್ಲಿ ನಾಗರಿಕ ಹಕ್ಕುಗಳ ನಾಯಕ ಜೆಸ್ಸಿ ಜಾಕ್ಸನ್ ಮುಂದೆ ನಿಂತು 'ಆಫ್ರಿಕನ್ ಅಮೆರಿಕನ್' ಎಂಬುದನ್ನು ಚಾಲ್ತಿಗೆ ತಂದರು. ಗಣತಿ ಫಾರಂನಲ್ಲಿ ಮಾತ್ರ ನೀಗ್ರೋ ಪದ 2010ರವರೆಗೂ ಉಳಿದಿತ್ತು. 2016ರಲ್ಲಿ ಒಬಾಮಾ ಸಹಿ ಹಾಕಿದ ಕಾಯ್ದೆ ಕೇಂದ್ರ ಕಾನೂನುಗಳಲ್ಲಿ ಉಳಿದಿದ್ದ 'ನೀಗ್ರೋ', ಏಷ್ಯನ್ನರಿಗೆ ಬಳಸುತ್ತಿದ್ದ 'ಓರಿಯೆಂಟಲ್' ಪದಗಳನ್ನು ತೆಗೆಸಿತು.

ಕನ್ನಡದಲ್ಲಿ 'ಕಪ್ಪು ಜನಾಂಗದವರು', 'ಕಪ್ಪು ಸಮುದಾಯ', 'ಆಫ್ರಿಕನ್ ಅಮೆರಿಕನ್ನರು' ನಡೆಯುತ್ತವೆ. 'ಕರಿಯರು' ಬೇಡ. ನಮ್ಮಲ್ಲಿ 'ಕರಿಯ' ಎಂಬುದು ಅಕ್ಕರೆಗೂ ಬೈಗುಳಕ್ಕೂ ಒದಗುವ ಪದ, ಸುದ್ದಿಯ ಸಾಲಿನಲ್ಲಿ ಅದರ ಅಕ್ಕರೆ ಉಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮ: ನೈಜೀರಿಯಾದಿಂದ ನಿನ್ನೆ ಬಂದವರೂ ಜಮೈಕಾ ಮೂಲದವರೂ ಬ್ಲ್ಯಾಕ್. 'ಆಫ್ರಿಕನ್ ಅಮೆರಿಕನ್' ಎಂದರೆ ಹೆಚ್ಚಾಗಿ ಅಮೆರಿಕದ ಗುಲಾಮಗಿರಿಯ ಚರಿತ್ರೆಯಿಂದ ಬಂದವರು. ಬ್ರಿಟನ್ನಿನ ಕಪ್ಪು ನಟನನ್ನು 'ಆಫ್ರಿಕನ್ ಅಮೆರಿಕನ್' ಎಂದು ಬರೆದರೆ ಅದು ನೇರ ತಪ್ಪು. ವರದಿಗಳಲ್ಲಿ ವಾರಕ್ಕೊಮ್ಮೆಯಾದರೂ ಕಾಣುತ್ತದೆ.

## ಹಣೆಪಟ್ಟಿ ಅಂಟಿಸಿದ್ದು ಯಾರು

ಭಾರತೀಯರು ಒಂದು ಕಾಲದಲ್ಲಿ ಬಿಳಿಯರು ಅಂತ ಲೆಕ್ಕ ಆಗಿದ್ದರಂತೆ, ನಿಜಾನಾ?

ನಿಜ. ನಡುವೆ 'ಹಿಂದೂ' ಎಂಬ ಜನಾಂಗವೂ ಆಗಿದ್ದೆವು.

1790ರ ಪೌರತ್ವ ಕಾಯ್ದೆ 'ಸ್ವತಂತ್ರ ಬಿಳಿಯ'ರಿಗಷ್ಟೇ ಪೌರತ್ವ ಎಂದಿತು. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು. ಇವೆರಡರ ನಡುವೆ ಸಿಕ್ಕಿಕೊಂಡವರು ಏಷ್ಯನ್ನರು. 1922ರಲ್ಲಿ ಜಪಾನ್ ಮೂಲದ ತಕಾವೊ ಒಜಾವಾ 'ನನ್ನ ಚರ್ಮ ಬೆಳ್ಳಗಿದೆ' ಎಂದು ಸುಪ್ರೀಂ ಕೋರ್ಟಿಗೆ ಹೋದಾಗ, ಬಿಳಿಯ ಎಂದರೆ ಕಕೇಷಿಯನ್ (ಆಗಿನ ಜನಾಂಗಶಾಸ್ತ್ರ ಯುರೋಪಿನವರ ಜೊತೆ ಉತ್ತರ ಭಾರತದವರನ್ನೂ ಸೇರಿಸುತ್ತಿದ್ದ ಗುಂಪು), ಬಣ್ಣ ಮುಖ್ಯವಲ್ಲ ಎಂದಿತು ಕೋರ್ಟು. ಮೂರೇ ತಿಂಗಳಲ್ಲಿ, 1923ರ ಫೆಬ್ರುವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ 'ಹಾಗಿದ್ದರೆ ನಾನು ಕಕೇಷಿಯನ್ ತಾನೇ' ಎಂದಾಗ ಅದೇ ಕೋರ್ಟು ಮಾತು ಬದಲಿಸಿ, ಶಾಸ್ತ್ರ ಏನೇ ಹೇಳಲಿ, ಬಿಳಿಯ ಎಂದರೆ ಸಾಮಾನ್ಯ ಜನ ಅಂದುಕೊಂಡಂತೆ ಎಂದಿತು. ಎರಡೂ ತೀರ್ಪು ಬರೆದದ್ದು ಒಬ್ಬರೇ ನ್ಯಾಯಮೂರ್ತಿ, ಜಾರ್ಜ್ ಸದರ್ಲೆಂಡ್. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ತಾನು ಮೇಲ್ಜಾತಿಯ ಆರ್ಯ ಎಂಬುದು ಅವರ ವಾದದ ಒಂದು ಭಾಗವಾಗಿತ್ತು ಎಂಬುದನ್ನೂ ಮುಚ್ಚಿಡಬೇಕಿಲ್ಲ. ತೀರ್ಪಿನ ನಂತರ, ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಂಡರು.

1920, 1930, 1940ರ ಗಣತಿಗಳಲ್ಲಿ 'ಹಿಂದೂ' ಎಂಬುದು ಜನಾಂಗದ ಹೆಸರು. ಆಗ ಅಲ್ಲಿದ್ದ ಭಾರತೀಯರಲ್ಲಿ ಬಹುಪಾಲು ಸಿಖ್ ರೈತರು, ಮುಸ್ಲಿಮರೂ ಇದ್ದರು. ಎಲ್ಲರೂ ಕಾಗದದಲ್ಲಿ ಹಿಂದೂಗಳೇ. 1946ರ ಲೂಸ್–ಸೆಲ್ಲರ್ ಕಾಯ್ದೆ ಪೌರತ್ವದ ಬಾಗಿಲು ತೆರೆದು, ವರ್ಷಕ್ಕೆ 100 ಭಾರತೀಯರ ವಲಸೆಗೆ ಅವಕಾಶ ಕೊಟ್ಟಿತು. 1970ರ ಗಣತಿಯಲ್ಲಿ ನಮ್ಮವರು ಬಿಳಿಯರ ಲೆಕ್ಕಕ್ಕೆ ಹೋದರು. ಅಲ್ಪಸಂಖ್ಯಾತರ ರಕ್ಷಣೆ ಕೈತಪ್ಪುತ್ತದೆ ಎಂದು ಭಾರತೀಯ ಸಂಘಗಳು ಒತ್ತಾಯಿಸಿದ ಮೇಲೆ 1980ರಲ್ಲಿ 'ಏಷ್ಯನ್ ಇಂಡಿಯನ್' ಚೌಕ ಬಂತು. 1923ರಲ್ಲಿ ಒಳಗೆ ಬಿಡಿ ಎಂದು ಕೋರ್ಟು ಹತ್ತಿದ ಕಾಲಂನಿಂದ ಐವತ್ತು ವರ್ಷಕ್ಕೆ ಹೊರಗೆ ಬಿಡಿ ಎಂದು ಅರ್ಜಿ!

ಅಪ್ಪ ಕನ್ನಡಿಗ, ಅಮ್ಮ ಕಪ್ಪು ಸಮುದಾಯದವರು. ಮಗು ಏನು?

ಎರಡೂ. 2000ದ ಗಣತಿಯಿಂದ ಒಂದಕ್ಕಿಂತ ಹೆಚ್ಚು ಟಿಕ್ ಮಾಡಬಹುದು. 2020ರಲ್ಲಿ ಹಾಗೆ ಹೇಳಿದವರು 3.38 ಕೋಟಿ, ಜನಸಂಖ್ಯೆಯ ಶೇ 10.2.

ಮೊದಲು ಹೀಗಿರಲಿಲ್ಲ. 1960ಕ್ಕೆ ಮುಂಚೆ ಗಣತಿದಾರ ಮನೆಬಾಗಿಲಿಗೆ ಬಂದು ಮುಖ ನೋಡಿ ಬರೆದುಕೊಳ್ಳುತ್ತಿದ್ದ. 1890ರಲ್ಲಿ ಕಾಲು ಪಾಲು, ಎಂಟನೇ ಒಂದು ಪಾಲು ಕಪ್ಪು ರಕ್ತ ಎಂದು ಬೇರೆ ಬೇರೆ ಹೆಸರಿಟ್ಟು ಎಣಿಸಿದರು. 1930ರ ಸೂಚನೆಯಲ್ಲಿ ಕಪ್ಪು ರಕ್ತ ಎಷ್ಟೇ ಕಡಿಮೆಯಿದ್ದರೂ ನೀಗ್ರೋ ಎಂದೇ ಬರೆಯಬೇಕು ಎಂದಾಯಿತು. 'ಒಂದು ಹನಿ' ನಿಯಮ ಎನ್ನುವುದು ಇದನ್ನೇ. ಕಾನೂನು ಬದಲಾದರೂ ಕಣ್ಣು ಬದಲಾಗಿಲ್ಲ: ಕಮಲಾ ಹ್ಯಾರಿಸ್ ಅವರ ತಾಯಿ ತಮಿಳು ಮೂಲದವರು, ತಂದೆ ಜಮೈಕಾದವರು. ಅವರು ಎರಡೂ ಹೌದು ಎಂದರೂ 'ಯಾವುದಾದರೂ ಒಂದು ಹೇಳಿ' ಎನ್ನುವವರು ಕಡಿಮೆಯಾಗಲಿಲ್ಲ.

ಯಲ್ಲಾಪುರದ ಸಿದ್ದಿ ಹುಡುಗಿ ಅಮೆರಿಕಕ್ಕೆ ಹೋದರೆ ಯಾವ ಕಾಲಂ?

ಕನ್ನಡ ಗುಂಪುಗಳಲ್ಲಿ ಮಾತ್ರ ಬರುವ ಪ್ರಶ್ನೆ, ಆದರೆ ಇಡೀ ವ್ಯವಸ್ಥೆಯ ಬಿರುಕು ತೋರಿಸುತ್ತದೆ. ಉತ್ತರ ಕನ್ನಡದ ಸಿದ್ದಿಗಳ ಪೂರ್ವಜರು ಆಫ್ರಿಕಾದವರು, ಅವರಾಡುವುದು ಕೊಂಕಣಿ, ಕನ್ನಡ. ಮೇಲೆ ಹೇಳಿದ 15ನೇ ನಿರ್ದೇಶನದ ಪ್ರಕಾರ ಬ್ಲ್ಯಾಕ್ ಎಂದರೆ ಆಫ್ರಿಕಾದ ಕಪ್ಪು ಜನಾಂಗಗಳ ಮೂಲದವರು, ಏಷ್ಯನ್ ಎಂದರೆ ದಕ್ಷಿಣ ಏಷ್ಯಾ ಸೇರಿ ಏಷ್ಯಾ ಮೂಲದವರು. ಎರಡೂ ಟಿಕ್ ಮಾಡಿದರೆ ಯಾರೂ ತಪ್ಪೆನ್ನಲಾರರು. ಬೀದಿಯಲ್ಲಿ ಮಾತ್ರ ಅವಳನ್ನು ನೋಡಿದವರು ಏಷ್ಯನ್ ಎಂದು ಊಹಿಸುವುದಿಲ್ಲ. ಮುಂದೆ ಸಿನಿಮಾ ಮಾತು ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ. ಕ್ಯಾಮೆರಾ ಫಾರಂ ಓದುವುದಿಲ್ಲ.

ಅಮೆರಿಕದಲ್ಲಿ ಜಾತಿ ಕಾಲಂ ಇದೆಯಾ?

ಇಲ್ಲ. ತಾರತಮ್ಯದ ವಿರುದ್ಧದ ಕಾನೂನಿಗೆ ಜಾತಿಯನ್ನು ಸೇರಿಸುವ ಪ್ರಯತ್ನ ನಡೆದಿದೆ. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಸೇರಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಶಾಸನಸಭೆ ಒಪ್ಪಿದ ಮಸೂದೆಗೆ ಅಲ್ಲಿನ ಗವರ್ನರ್ ಸಹಿ ಹಾಕಲಿಲ್ಲ.

## ತೆರೆಯ ಮೇಲೆ

ಬ್ಲ್ಯಾಕ್‌ಫೇಸ್, ಬ್ರೌನ್‌ಫೇಸ್, ವೈಟ್‌ವಾಷಿಂಗ್... ಎಲ್ಲ ಒಂದೇ ಅಲ್ವಾ?

ಮುಖಕ್ಕೆ ಬಣ್ಣ ಬಳಿದು ಬೇರೆ ಜನಾಂಗದವರಂತೆ ನಟಿಸಿದರೆ ಬ್ಲ್ಯಾಕ್‌ಫೇಸ್, ಯೆಲ್ಲೋಫೇಸ್, ಬ್ರೌನ್‌ಫೇಸ್. ಪಾತ್ರವನ್ನೇ ಬಿಳಿಯರದ್ದಾಗಿ ಬದಲಿಸಿ ಬಿಳಿಯ ನಟನಿಗೆ ಕೊಟ್ಟರೆ ವೈಟ್‌ವಾಷಿಂಗ್, ಅಂದರೆ ಸುಣ್ಣ ಬಳಿಯುವುದು. ಮೊದಲನೆಯದಕ್ಕೆ 1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್'ನಲ್ಲಿ ಜಪಾನಿಯಾಗಿ ಕಾಣಿಸಿಕೊಂಡ ಮಿಕ್ಕಿ ರೂನಿ, 1968ರ 'ದಿ ಪಾರ್ಟಿ'ಯಲ್ಲಿ ಭಾರತೀಯನಾದ ಪೀಟರ್ ಸೆಲ್ಲರ್ಸ್. ಎರಡನೆಯದಕ್ಕೆ 2008ರ '21' ಎಂಬ ಚಿತ್ರ: ನಿಜದ ಎಂಐಟಿ ಜೂಜಿನ ತಂಡದಲ್ಲಿ ಏಷ್ಯನ್ನರು ಹೆಚ್ಚಿದ್ದರು, ಚಿತ್ರದ ನಾಯಕ ಬಿಳಿಯ. ಮಾಹೆಯಲ್ಲಿ ಹುಟ್ಟಿದ ಎಂ. ನೈಟ್ ಶ್ಯಾಮಲನ್ ಅವರ 2010ರ 'ದಿ ಲಾಸ್ಟ್ ಏರ್‌ಬೆಂಡರ್'ನಲ್ಲೂ ನಾಯಕರು ಬಿಳಿಯರಾಗಿ, ಎದುರಾಳಿ ಪಾಳೆಯದಲ್ಲಿ ದೇವ್ ಪಟೇಲ್ ಮೊದಲಾದ ದಕ್ಷಿಣ ಏಷ್ಯಾ ಮುಖಗಳು ಬಂದಾಗ ಪ್ರತಿಭಟನೆ ನಡೆಯಿತು. ನಿರ್ದೇಶಕ ನಮ್ಮ ಕಡೆಯವರಾದರೆ ಹಂಚಿಕೆ ಸರಿಹೋಗುತ್ತದೆ ಎಂಬ ಖಾತ್ರಿ ಏನಿಲ್ಲ.

ನಟನೆ ಅಂದ್ರೇನೇ ಇನ್ನೊಬ್ಬರಾಗೋದು. ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಹಾಕಲ್ವಾ? ಇಷ್ಟೊಂದು ಗಲಾಟೆ ಯಾಕೆ?

ಸ್ತ್ರೀವೇಷಧಾರಿಯ ಕಲೆ ದೊಡ್ಡದು, ಆದರೆ ಆ ಮೇಳದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ ಎಂಬುದೂ ಅಷ್ಟೇ ನಿಜ. ಹಾಲಿವುಡ್‌ನ ಜಗಳವೂ ಈ ಎರಡನೆಯ ಅರ್ಧದ್ದು. ಬಣ್ಣ ಹಚ್ಚಿಕೊಂಡು ಬೇರೆಯವರಾಗುವ ಸ್ವಾತಂತ್ರ್ಯ ಒಂದೇ ದಿಕ್ಕಿಗೆ ಹರಿಯುತ್ತಿತ್ತು.

ಹೇಗೆ ಹರಿಯುತ್ತಿತ್ತು ಎಂಬುದಕ್ಕೆ 1937ರ 'ದಿ ಗುಡ್ ಅರ್ಥ್' ನೋಡಿ. ಕಥೆ ಚೀನಾದ ರೈತ ಕುಟುಂಬದ್ದು. ಆಗ ಹಾಲಿವುಡ್‌ನಲ್ಲಿ ಹೆಸರು ಮಾಡಿದ್ದ ಚೀನೀ ಮೂಲದ ತಾರೆ ಆನಾ ಮೇ ವಾಂಗ್ ಇದ್ದರು. ರೈತನ ಪಾತ್ರ ಬಿಳಿಯ ನಟ ಪಾಲ್ ಮುನಿಗೆ ಹೋದದ್ದೇ ಹೆಂಡತಿಯ ಪಾತ್ರ ಆಕೆಯ ಕೈತಪ್ಪಿತು. 1934ರಿಂದ ಬಿಗಿಯಾಗಿ ಜಾರಿಯಲ್ಲಿದ್ದ ಹೇಯ್ಸ್ ಸಂಹಿತೆ, ಅಂದರೆ ಹಾಲಿವುಡ್ ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು, ಜನಾಂಗಗಳ ನಡುವಿನ ಪ್ರಣಯ ತೋರಿಸುವುದನ್ನು ನಿಷೇಧಿಸಿತ್ತು. ಅದರ ಬರಹದಲ್ಲಿದ್ದದ್ದು ಕಪ್ಪು–ಬಿಳಿ ಸಂಬಂಧ, ಸ್ಟುಡಿಯೋಗಳು ಏಷ್ಯನ್ನರಿಗೂ ಅದನ್ನೇ ಎಳೆದವು. ಒಬ್ಬ ಬಿಳಿಯ ನಾಯಕನನ್ನು ಆರಿಸಿದರೆ ಅವನ ಹೆಂಡತಿ, ಪ್ರೇಯಸಿ ಎಲ್ಲರೂ ಬಿಳಿಯರೇ ಆಗಬೇಕು. ಹೆಂಡತಿಯ ಪಾತ್ರ ಮಾಡಿದ ಲೂಯಿಸ್ ರೈನರ್‌ಗೆ ಆಸ್ಕರ್ ಬಂತು. ಇನ್ನು ಬಾಂಬೆಯಲ್ಲಿ ಹುಟ್ಟಿ, ತನ್ನ ಭಾರತೀಯ ಮೂಲವನ್ನು ಬದುಕಿಡೀ ಮುಚ್ಚಿಟ್ಟ ಮರ್ಲ್ ಓಬೆರಾನ್ ಅದೇ ದಶಕದಲ್ಲಿ ನಾಯಕಿಯಾಗಿ ಮೆರೆದರು, 1935ರ ಚಿತ್ರವೊಂದಕ್ಕೆ ಆಸ್ಕರ್ ನಾಮನಿರ್ದೇಶನವನ್ನೂ ಪಡೆದರು. ಅವರು ಬಿಳಿಯರು ಎಂದೇ ಎಲ್ಲರೂ ನಂಬಿದ್ದರು.

ನಮ್ಮ ಮೈಸೂರಿನ ಸಾಬು ಆ ಕಾಲದಲ್ಲೇ ಹಾಲಿವುಡ್ ತಾರೆ ಆಗಿದ್ದು ಹೇಗೆ?

ಸಾಬು ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ, ಮಾವುತರ ಮನೆಯಲ್ಲಿ. ರಾಬರ್ಟ್ ಫ್ಲಾಹರ್ಟಿ ಮೈಸೂರಿನ ಕಾಡಿನಲ್ಲಿ ಚಿತ್ರೀಕರಿಸಿದ 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಾಗ ಹುಡುಗನಿಗೆ ಹದಿಮೂರು. ಆನೆಯ ಮೇಲೆ ಅಷ್ಟು ಸಲೀಸಾಗಿ ಕೂರುವ ಬಿಳಿಯ ಹುಡುಗ ಸಿಗುವಂತಿರಲಿಲ್ಲ, ಆ ಕೆಲಸಕ್ಕೆ ಬಣ್ಣದ ಡಬ್ಬಿ ಸಾಲದು. ಅದೇ ಚಿತ್ರದಲ್ಲಿ 'ಮಾಚುವ ಅಪ್ಪ' ಎಂಬ ಹಿರಿಯ ಭಾರತೀಯನ ಪಾತ್ರಕ್ಕೆ ಇಂಗ್ಲಿಷ್ ನಟ ಆಲನ್ ಜೀಯಸ್‌ಗೆ ಬಣ್ಣ ಬಳಿದರು.

ಮುಂದೆ 1940ರ 'ದಿ ಥೀಫ್ ಆಫ್ ಬಾಗ್ದಾದ್', 1942ರ 'ಜಂಗಲ್ ಬುಕ್'. ಯೂನಿವರ್ಸಲ್ ಸ್ಟುಡಿಯೋ ಅವನನ್ನು ಒಮ್ಮೆ ಅರಬನನ್ನಾಗಿ, ಇನ್ನೊಮ್ಮೆ ಪೆಸಿಫಿಕ್ ದ್ವೀಪದವನನ್ನಾಗಿ ಮಾಡಿತು. ಕಂದು ಮೈ, ಬರಿ ಎದೆ, ನಗು ಇದ್ದರೆ ಭೂಪಟದ ಯಾವ ಮೂಲೆಗಾದರೂ ಸಲ್ಲುತ್ತದೆ ಎಂಬ ಲೆಕ್ಕ. ನಾಯಕಿಯ ಕೈ ಹಿಡಿಯುವ ಪಾತ್ರ ಮಾತ್ರ ಬೇರೆಯವರದು. 1947ರ 'ಬ್ಲ್ಯಾಕ್ ನಾರ್ಸಿಸಸ್' ಎಂಬ ಬ್ರಿಟಿಷ್ ಚಿತ್ರದಲ್ಲಿ ಸಾಬುಗೆ ಜೋಡಿ ಸಿಕ್ಕಿತು. ಆ ಭಾರತೀಯ ಹುಡುಗಿ, ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್. ಸಾಬು 1944ರಲ್ಲಿ ಅಮೆರಿಕದ ಪೌರರಾಗಿ, ಬಾಂಬರ್ ವಿಮಾನದ ಹಿಂಬದಿ ಬಂದೂಕುಗಾರರಾಗಿ ಯುದ್ಧ ಮಾಡಿ ಪದಕ ಪಡೆದರು. ಯುದ್ಧ ಮುಗಿದ ಮೇಲೆ ಒಳ್ಳೆಯ ಪಾತ್ರಗಳು ಕಡಿಮೆಯಾದವು. 1963ರಲ್ಲಿ, 39ಕ್ಕೇ ತೀರಿಕೊಂಡರು.

ಭಾರತೀಯ ಅಂತ ಸುಳ್ಳು ಹೇಳಿ ಲಾಭ ಪಡೆದವರೂ ಇದ್ದಾರಾ?

ಇದ್ದಾರೆ. 1940ರ ದಶಕದ ಕೊನೆಯಿಂದ ಲಾಸ್ ಏಂಜಲೀಸ್ ಟಿವಿಯಲ್ಲಿ ರತ್ನದ ಪೇಟ ಸುತ್ತಿ ಆರ್ಗನ್ ನುಡಿಸುತ್ತಿದ್ದ ಕೋರ್ಲಾ ಪಂಡಿತ್ ದೆಹಲಿಯವರೆಂದೇ ಖ್ಯಾತಿ. ಅಸಲಿಗೆ ಅವರು ಮಿಸೌರಿಯ ಕಪ್ಪು ಕುಟುಂಬದ ಜಾನ್ ರೆಡ್. 1998ರಲ್ಲಿ ಸತ್ತ ಮೇಲೆ ಸತ್ಯ ಹೊರಬಿತ್ತು. ಕಪ್ಪು ಸಂಗೀತಗಾರನಿಗೆ ಮುಚ್ಚಿದ್ದ ಬಾಗಿಲು ಪೇಟಕ್ಕೆ ತೆರೆಯಿತು. ಇನ್ನೊಂದು 'ಇಂಡಿಯನ್' ಕಡೆಯಲ್ಲಿ ಐರನ್ ಐಸ್ ಕೋಡಿ: 1971ರ ಪರಿಸರ ಜಾಹೀರಾತಿನಲ್ಲಿ ಕಣ್ಣೀರಿಟ್ಟ ಮೂಲನಿವಾಸಿ, ಹುಟ್ಟಿನಿಂದ ಇಟಲಿ ಮೂಲದವರು.

## ಇವತ್ತಿನ ಪಾತ್ರ ಹಂಚಿಕೆ ಒಳಗಿನಿಂದ

ಪಾತ್ರಕ್ಕೆ ಯಾವ ಜನಾಂಗದವರು ಅಂತ ಯಾರು, ಯಾವಾಗ ತೀರ್ಮಾನ ಮಾಡ್ತಾರೆ?

ಚಿತ್ರಕಥೆ ಕೈಗೆ ಬಂದ ಮೇಲೆ ಕಾಸ್ಟಿಂಗ್ ಕಚೇರಿ ಪ್ರತಿ ಪಾತ್ರಕ್ಕೂ ನಾಲ್ಕೈದು ಸಾಲಿನ ವಿವರ ಬರೆಯುತ್ತದೆ. ಇದಕ್ಕೆ ಬ್ರೇಕ್‌ಡೌನ್ ಎನ್ನುತ್ತಾರೆ. ಹೆಸರು, ವಯಸ್ಸಿನ ವ್ಯಾಪ್ತಿ, ಸ್ವಭಾವ, ಜೊತೆಗೆ 'ದಕ್ಷಿಣ ಏಷ್ಯಾ' ಅಥವಾ 'ಯಾವುದೇ ಮೂಲ'. ಅದು ಏಜೆಂಟರಿಗೆ ಹೋಗುತ್ತದೆ, ಏಜೆಂಟ್ ಫೋಟೊ ಕಳಿಸುತ್ತಾರೆ, ಕಚೇರಿ ಕೆಲವರಿಂದ ಮನೆಯಲ್ಲೇ ಚಿತ್ರಿಸಿದ ಸೆಲ್ಫ್ ಟೇಪ್ ಕೇಳುತ್ತದೆ. ಆಮೇಲೆ ನಿರ್ದೇಶಕರ ಮುಂದೆ ಎರಡನೇ ಸುತ್ತಿನ ಆಡಿಷನ್, ಅಂದರೆ ಕಾಲ್‌ಬ್ಯಾಕ್, ದೊಡ್ಡ ಪಾತ್ರವಾದರೆ ಎದುರು ನಟರ ಜೊತೆ ಓದಿಸಿ ನೋಡುವುದು, ಕೊನೆಗೆ ಸ್ಟುಡಿಯೋ ಒಪ್ಪಿಗೆ.

ಕೆಡುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ಬ್ರೇಕ್‌ಡೌನ್‌ನಲ್ಲಿ ಏನೂ ಬರೆಯದಿದ್ದರೆ ಏಜೆಂಟರ ಕೈ ಅಭ್ಯಾಸಬಲದಿಂದ ಬಿಳಿಯರ ಫೋಟೊಗಳತ್ತ ಹೋಗುತ್ತದೆ. 'ಯಾವುದೇ ಮೂಲ' ಎಂದು ಬರೆದೂ ನಾಯಕಿಯ ತಂದೆತಾಯಿಯ ಪಾತ್ರಕ್ಕೆ ಮೊದಲೇ ಬಿಳಿಯರನ್ನು ಗೊತ್ತುಮಾಡಿದ್ದರೆ ಆ ಸಾಲು ಬರೀ ಅಲಂಕಾರ. ಹಾಗಾಗಿ ಕುಟುಂಬದ ಪಾತ್ರಗಳನ್ನು ನಾಯಕಿ ಗೊತ್ತಾದ ಮೇಲೆ ತುಂಬುವುದು ಒಳ್ಳೆಯ ಪದ್ಧತಿ. 2015ರ 'ಕ್ವಾಂಟಿಕೊ' ಧಾರಾವಾಹಿಯ ಅಲೆಕ್ಸ್ ಪ್ಯಾರಿಷ್ ಭಾರತೀಯಳೆಂದು ಬರೆದ ಪಾತ್ರವಲ್ಲ. ಪ್ರಿಯಾಂಕಾ ಚೋಪ್ರಾ ಬಂದ ಮೇಲೆ ಪಾತ್ರದ ತಾಯಿ ಭಾರತದವಳಾದಳು.

ಜನಾಂಗ ನೋಡಿ ಕೆಲಸ ಕೊಡೋದು ಕಾನೂನುಬಾಹಿರ ಅಲ್ವಾ? ಸಿನಿಮಾಗೆ ಹೇಗೆ ನಡೆಯುತ್ತೆ?

1964ರ ನಾಗರಿಕ ಹಕ್ಕು ಕಾಯ್ದೆಯ ಏಳನೇ ಅಧ್ಯಾಯ ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸುತ್ತದೆ. ಕೆಲಸಕ್ಕೆ ಅನಿವಾರ್ಯವಾದರೆ ಲಿಂಗ, ಧರ್ಮ, ರಾಷ್ಟ್ರಮೂಲ ನೋಡಬಹುದು ಎಂಬ ವಿನಾಯಿತಿ ಅದರಲ್ಲಿದೆ. ಜನಾಂಗಕ್ಕೆ ಆ ವಿನಾಯಿತಿಯೂ ಇಲ್ಲ. ಆದರೂ ನಡೆಯುವುದು ಸಂವಿಧಾನದ ಮೊದಲ ತಿದ್ದುಪಡಿಯ ನೆರಳಿನಲ್ಲಿ: ಯಾರನ್ನು ತೆರೆಯ ಮೇಲೆ ತೋರಿಸುತ್ತೇವೆ ಎಂಬುದು ಅಭಿವ್ಯಕ್ತಿಯ ಭಾಗ. 2012ರಲ್ಲಿ ಟೆನೆಸ್ಸೀಯ ಕೇಂದ್ರ ನ್ಯಾಯಾಲಯ ಟಿವಿ ರಿಯಾಲಿಟಿ ಕಾರ್ಯಕ್ರಮವೊಂದರ ಆಯ್ಕೆಯ ಮೇಲಿನ ದಾವೆಯನ್ನು ಇದೇ ಆಧಾರದಲ್ಲಿ ತಳ್ಳಿಹಾಕಿತು. ಈ ನೆರಳು ತೆರೆಯ ಮೇಲಿನ ಆಯ್ಕೆಗೆ ಸಂಬಂಧಿಸಿದ್ದು. ಲೈಟ್‌ಬಾಯ್, ಲೆಕ್ಕಿಗ, ಚಾಲಕರಿಗೆ ಎಂದಿನ ಕಾನೂನೇ.

ಕಲರ್‌ಬ್ಲೈಂಡ್ ಕಾಸ್ಟಿಂಗ್ ಒಳ್ಳೇದು ತಾನೇ? ಅದಕ್ಕೂ ಯಾಕೆ ವಿರೋಧ?

ಬಣ್ಣ ನೋಡದೆ ಪಾತ್ರ ಕೊಡುವುದು ಒಂದು, ನೋಡಿ, ಯೋಚಿಸಿ ಕೊಡುವುದು ಇನ್ನೊಂದು. ಮೊದಲನೆಯದನ್ನು ವಿರೋಧಿಸಿದವರಲ್ಲಿ ಮುಖ್ಯರು ಬಿಳಿಯರಲ್ಲ. ಕಪ್ಪು ನಾಟಕಕಾರ ಆಗಸ್ಟ್ ವಿಲ್ಸನ್ 1996ರ ಭಾಷಣದಲ್ಲಿ, ಬಿಳಿಯರ ನಾಟಕಗಳಲ್ಲಿ ಕಪ್ಪು ನಟರನ್ನು ತುಂಬುವ ಬದಲು ಕಪ್ಪು ರಂಗಭೂಮಿಗೆ ಹಣ ಕೊಡಿ ಎಂದರು. ಬಣ್ಣ ಕಾಣದಂತೆ ನಟಿಸಿದರೆ ಆ ಬಣ್ಣದ ಚರಿತ್ರೆಯೂ ಕಾಣದಾಗುತ್ತದೆ ಎಂಬುದು ಈ ಪಕ್ಷದ ಅಳುಕು.

ನಮ್ಮ ಅಭಿಪ್ರಾಯದಲ್ಲಿ ಎರಡನೆಯದು ಕಷ್ಟ, ಆದರೆ ಕೆಲಸ ಮಾಡಿದರೆ ಚೆನ್ನ. ಅರೆಬರೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 'ಬ್ರಿಡ್ಜರ್ಟನ್' ಧಾರಾವಾಹಿಯ 2022ರ ಸೀಸನ್ ಸಾಕು. ಶರ್ಮಾ ಮನೆಯ ಅಕ್ಕತಂಗಿಯರಾಗಿ ಇಬ್ಬರು ತಮಿಳು ಮೂಲದ ಬ್ರಿಟಿಷ್ ನಟಿಯರು, ಉತ್ತರದ ಕುಲನಾಮ, ತಂದೆಗೆ 'ಅಪ್ಪ', ಅಕ್ಕನಿಗೆ 'ದೀದಿ', ತಂಗಿಗೆ ಬಂಗಾಳಿಯ 'ಬೋನ್'. ಕಂದು ಹುಡುಗಿ ನಾಯಕಿಯಾದಳೆಂದು ಸಂತೋಷಪಟ್ಟವರೇ ಈ ಚಿತ್ರಾನ್ನ ನೋಡಿ ನಕ್ಕರು.

ಆಸ್ಕರ್‌ಗೆ ಈಗ ಮೀಸಲಾತಿ ಬಂದಿದೆಯಂತೆ?

ಮೀಸಲಾತಿ ಎಂದರೆ ಹೆಚ್ಚಾಯಿತು. 2020ರಲ್ಲಿ ಘೋಷಿಸಿ, 2024ರ ಪ್ರಶಸ್ತಿಯಿಂದ ಜಾರಿಯಾದ ನಿಯಮ ಅತ್ಯುತ್ತಮ ಚಿತ್ರ ವಿಭಾಗಕ್ಕೆ ಮಾತ್ರ. ನಾಲ್ಕು ಮಾನದಂಡಗಳಲ್ಲಿ ಎರಡನ್ನು ಪೂರೈಸಬೇಕು. ಕಡಿಮೆ ಪ್ರಾತಿನಿಧ್ಯದ ಗುಂಪುಗಳಿಗೆ ಜಾಗ ಇರಬೇಕಾದ್ದು ತೆರೆಯ ಮೇಲೆ, ತಾಂತ್ರಿಕ ತಂಡದಲ್ಲಿ, ತರಬೇತಿ ಅವಕಾಶಗಳಲ್ಲಿ, ಪ್ರಚಾರ–ವಿತರಣೆಯ ಹಿರಿಯ ಹುದ್ದೆಗಳಲ್ಲಿ. ತೆರೆಯ ಮೇಲಿನದಕ್ಕೆ ಮೂರು ದಾರಿ: ಮುಖ್ಯ ನಟರಲ್ಲಿ ಒಬ್ಬರಾದರೂ ಕಡಿಮೆ ಪ್ರಾತಿನಿಧ್ಯದ ಜನಾಂಗದವರು, ಅಥವಾ ಸಣ್ಣ ಪಾತ್ರಗಳಲ್ಲಿ ಶೇ 30ರಷ್ಟು ಮಹಿಳೆಯರು, ಅಂಗವಿಕಲರು ಸೇರಿದಂತೆ ಇಂಥ ಕನಿಷ್ಠ ಎರಡು ಗುಂಪಿನವರು, ಅಥವಾ ಕಥೆಯೇ ಇಂಥವರದ್ದು.

ಎಲ್ಲ ಬಿಳಿಯರೇ ಇರುವ ಚಿತ್ರವೂ ತಾಂತ್ರಿಕ ತಂಡ, ತರಬೇತಿ, ವಿತರಣೆಯ ದಾರಿಯಲ್ಲಿ ಅರ್ಹತೆ ಪಡೆಯಬಹುದು. ದೊಡ್ಡ ಸ್ಟುಡಿಯೋಗೆ ಕೊನೆಯ ಎರಡು ಸುಲಭ, ಸಣ್ಣ ನಿರ್ಮಾಪಕರಿಗೆ ಕಾಗದಪತ್ರದ ಹೊರೆ. ಒಂದು ತಮಾಷೆ: ಆಸ್ಕರ್ ಕೊಡುವ ಅಕಾಡೆಮಿಯ 2020ರ ಪಟ್ಟಿಯಲ್ಲಿ ಮಧ್ಯಪ್ರಾಚ್ಯದವರು ಪ್ರತ್ಯೇಕ ಗುಂಪು. ಸರ್ಕಾರದ ಪುಸ್ತಕದಲ್ಲಿ ಅವರು ಆಗಿನ್ನೂ ಬಿಳಿಯರು. ಈಜಿಪ್ಟ್ ಮೂಲದ ರಾಮಿ ಮಲೆಕ್ 2019ರಲ್ಲಿ ಶ್ರೇಷ್ಠ ನಟನಾದಾಗ ಕಾಗದದ ಲೆಕ್ಕದಲ್ಲಿ ಗೆದ್ದದ್ದು ಇನ್ನೊಬ್ಬ ಬಿಳಿಯ.

ನಟ ಸರಿಯಾಗಿ ಸಿಕ್ಕ ಮೇಲೂ ಎಲ್ಲಿ ಎಡವಟ್ಟಾಗುತ್ತೆ?

ಸಾಹಸ, ಬೆಳಕು, ಮೇಕಪ್. ಡೂಪ್‌ಗೆ ಬಣ್ಣ ಬಳಿದು ಕಪ್ಪು ನಟರ ಬದಲು ನಿಲ್ಲಿಸುವುದಕ್ಕೆ ಅಲ್ಲಿ 'ಪೇಂಟ್ ಡೌನ್' ಎನ್ನುತ್ತಾರೆ. ನಟರ ಒಕ್ಕೂಟದ ಒಪ್ಪಂದದ ಪ್ರಕಾರ ಅದೇ ಜನಾಂಗದ ಡೂಪ್ ಹುಡುಕಲು ಪ್ರಯತ್ನಿಸಬೇಕು. ಕೊನೆ ಗಳಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ನಟರು ಗೊತ್ತಾದ ವಾರವೇ ಹುಡುಕಬೇಕು.

ಬೆಳಕಿನ ತೊಡಕು ಹಳೆಯದು. ಕೊಡಾಕ್ ತನ್ನ ಪ್ರಿಂಟ್‌ಗಳ ಬಣ್ಣ ಹೊಂದಿಸಲು ದಶಕಗಳ ಕಾಲ ಬಿಳಿಯ ಹೆಣ್ಣಿನ ಚಿತ್ರವಿದ್ದ 'ಶರ್ಲಿ ಕಾರ್ಡ್' ಕಳಿಸುತ್ತಿತ್ತು. ಕಪ್ಪು ಮುಖದ ವಿವರ ಆ ಫಿಲ್ಮಿನಲ್ಲಿ ಕರಗಿಹೋಗುತ್ತಿತ್ತು. ಡಿಜಿಟಲ್‌ನಲ್ಲೂ ಬಿಳಿ ಮುಖಕ್ಕೆ ಎಕ್ಸ್‌ಪೋಷರ್ ಹೊಂದಿಸಿ ಪಕ್ಕದಲ್ಲಿ ಕಪ್ಪು ನಟರನ್ನು ನಿಲ್ಲಿಸಿದರೆ ಅದೇ ಗತಿ. ಬೆಳಕನ್ನು ಹೆಚ್ಚಿಸುವುದಕ್ಕಿಂತ ದೊಡ್ಡ ಬಿಳಿ ಹಲಗೆಯಿಂದ ಮೃದುವಾಗಿ ಪುಟಿಸಿ, ಚರ್ಮದ ಹೊಳಪನ್ನು ಹಿಡಿಯುವುದು ಲೇಸು. ಮೇಕಪ್‌ನವರು ಆ ಹೊಳಪನ್ನು ಪೌಡರ್ ಹಾಕಿ ಒರೆಸಿಬಿಟ್ಟರೆ ಮುಖ ಬೂದಿ ಬಳಿದಂತೆ ಕಾಣುತ್ತದೆ.

ಅಪೂಗೆ ಬಿಳಿಯ ನಟನ ಧ್ವನಿ ನಿಂತದ್ದು ಯಾಕೆ? ಧ್ವನಿಗೆ ಬಣ್ಣ ಇದೆಯಾ?

'ದಿ ಸಿಂಪ್ಸನ್ಸ್' ಎಂಬ ಕಾರ್ಟೂನ್ ಧಾರಾವಾಹಿಯಲ್ಲಿ ಅಂಗಡಿ ನಡೆಸುವ ಭಾರತೀಯ ಅಪೂಗೆ 1990ರಿಂದ ದನಿಯಾದವರು ಬಿಳಿಯ ನಟ ಹ್ಯಾಂಕ್ ಅಜಾರಿಯಾ. ಟಿವಿಯಲ್ಲಿ ಕಾಣುವ ಭಾರತೀಯ ಬಹುಕಾಲ ಹೆಚ್ಚುಕಡಿಮೆ ಅಪೂ ಒಬ್ಬನೇ, ಶಾಲೆಯಲ್ಲಿ ನಮ್ಮ ಮಕ್ಕಳನ್ನು ಅಣಕಿಸಲು ಸಿದ್ಧ ಸರಕು. 2017ರಲ್ಲಿ ಹಾಸ್ಯ ಕಲಾವಿದ ಹರಿ ಕೊಂಡಬೋಲು ಅವರ ಸಾಕ್ಷ್ಯಚಿತ್ರ ಇದನ್ನು ಎತ್ತಿತು. 2020ರ ಜನವರಿಯಲ್ಲಿ ಅಜಾರಿಯಾ ಹಿಂದೆ ಸರಿದರು. ಜೂನ್‌ನಲ್ಲಿ, ಬಿಳಿಯರಲ್ಲದ ಪಾತ್ರಗಳಿಗೆ ಇನ್ನು ಬಿಳಿಯರ ದನಿ ಇರದು ಎಂದು ಕಾರ್ಯಕ್ರಮವೇ ಹೇಳಿತು.

ಉಚ್ಚಾರವೇ ಅಪಮಾನವಲ್ಲ, ಕನ್ನಡಿಗನ ಇಂಗ್ಲಿಷ್‌ನಲ್ಲಿ ಕನ್ನಡ ಕೇಳಿಸುವುದು ಸಹಜ. ಆಡಿಷನ್‌ನಲ್ಲಿ 'ಇಂಡಿಯನ್ ಆಕ್ಸೆಂಟ್' ಕೇಳಿದರೆ ಮೂರು ವಿಷಯ ವಿಚಾರಿಸಿ: ಪಾತ್ರದ ಊರು ಯಾವುದು, ಮಾತೃಭಾಷೆ ಯಾವುದು, ನಗೆ ಬರಬೇಕಾದದ್ದು ಮಾತಿನ ಅರ್ಥಕ್ಕೋ ಉಚ್ಚಾರಕ್ಕೋ. ಮೊದಲೆರಡಕ್ಕೆ ಉತ್ತರವಿಲ್ಲದಿದ್ದರೆ ಮೂರನೆಯದಕ್ಕೆ ಉತ್ತರ ಗೊತ್ತಾದಂತೆಯೇ.

ಅರ್ಧ ಮೂಲದವರು ಆ ಪಾತ್ರ ಮಾಡಬಹುದಾ? ಎಷ್ಟು ಇದ್ದರೆ ಸಾಕು?

ಹಳೆಯ ರಕ್ತದ ಲೆಕ್ಕವೇ ಬೇರೆ ಬಾಗಿಲಿನಿಂದ ಬರುವ ಪ್ರಶ್ನೆ ಇದು. ಗಾಂಧಿ ಪಾತ್ರಕ್ಕೆ 1983ರಲ್ಲಿ ಆಸ್ಕರ್ ಪಡೆದ ಬೆನ್ ಕಿಂಗ್ಸ್ಲಿ ಹುಟ್ಟಿದಾಗ ಕೃಷ್ಣ ಪಂಡಿತ್ ಭಾಂಜಿ, ತಂದೆ ಗುಜರಾತಿ ಮೂಲದವರು. 2018ರ 'ಕ್ರೇಜಿ ರಿಚ್ ಏಷ್ಯನ್ಸ್'ನ ಹೆನ್ರಿ ಗೋಲ್ಡಿಂಗ್ ಅವರ ತಂದೆ ಇಂಗ್ಲಿಷರು ಎಂದು ತಕರಾರು ಎದ್ದಿತು. ಜೊಯಿ ಸಲ್ಡಾನಾ ಕಪ್ಪು ಮೂಲದವರೇ. ಆದರೂ 2016ರಲ್ಲಿ ಗಾಯಕಿ ನೀನಾ ಸಿಮೋನ್ ಆಗಲು ಮೈಬಣ್ಣ ಗಾಢ ಮಾಡಿ, ಮೂಗಿಗೆ ಅಚ್ಚು ಅಂಟಿಸಿಕೊಂಡರು. ಗಾಢ ಬಣ್ಣದ ನಟಿಗೆ ಸಿಗಬೇಕಿದ್ದ ಪಾತ್ರವದು ಎಂಬ ಟೀಕೆಗೆ 2020ರಲ್ಲಿ ಕ್ಷಮೆ ಕೇಳಿದರು.

ಪ್ರತಿಶತದ ನಿಯಮ ಯಾವ ಒಕ್ಕೂಟದಲ್ಲೂ ಇಲ್ಲ, ಇರಲೂಬಾರದು. ಕಾಸ್ಟಿಂಗ್‌ನವರು ಕೇಳಿಕೊಳ್ಳಬಹುದಾದ್ದು ಇಷ್ಟು: ಈ ಕಥೆಯಲ್ಲಿ ಚರ್ಮದ ಬಣ್ಣ ಘಟನೆಗೆ ಕಾರಣವಾಗುತ್ತದೆಯೇ? ಆಗುವುದಾದರೆ ಮೇಕಪ್ ಪೆಟ್ಟಿಗೆ ತೆರೆಯಬೇಕಾಗದ ನಟರನ್ನು ಹುಡುಕಿ. ಬಣ್ಣಕ್ಕಿಂತ ಮನೆತನ, ಭಾಷೆ ಮುಖ್ಯವಾದರೆ ಅರ್ಧ ಮೂಲದವರನ್ನು ತಡೆಯಲು ಕಾರಣವಿಲ್ಲ. ಹೊಂದದಿದ್ದಾಗ ನಟರೇ ಬಿಟ್ಟುಕೊಟ್ಟದ್ದೂ ಉಂಟು. 2017ರ ಆಗಸ್ಟ್‌ನಲ್ಲಿ 'ಹೆಲ್‌ಬಾಯ್' ಚಿತ್ರದ ಬೆನ್ ಡೈಮಿಯೊ ಮೂಲ ಕಾಮಿಕ್ಸ್‌ನಲ್ಲಿ ಜಪಾನೀ ಅಮೆರಿಕನ್ ಎಂದು ತಿಳಿದ ಎಡ್ ಸ್ಕ್ರೇನ್ ಒಪ್ಪಿಕೊಂಡ ಪಾತ್ರದಿಂದ ಹಿಂದೆ ಸರಿದರು. ಅದು ಕೊರಿಯನ್ ಮೂಲದ ಡೇನಿಯಲ್ ಡೇ ಕಿಮ್ ಪಾಲಾಯಿತು. ಜಪಾನೀ ಪಾತ್ರಕ್ಕೆ ಕೊರಿಯನ್ ನಟ ಸರಿಯೇ ಎಂದು ಆಗ ಹೆಚ್ಚು ಜನ ಕೇಳಲಿಲ್ಲ.